ಕೀಲಿ ಬಿದ್ದ ಪ್ರಸ್ಥಾನ

ಸಿಟ್ಟು ಇಳಿದ ಮೇಲೆ ಬರೆಯಬೇಕು ಎಂಬುದು ಹಿರಿಯರ ಮಾತು. ನಾನು ಒಂದು ತಿಂಗಳು ಕಾದೆ. ಇಳಿಯಲಿಲ್ಲ. ನನ್ನ ವಯಸ್ಸಿನಲ್ಲಿ ಇನ್ನೂ ಕಾಯುತ್ತೇನೆಂಬುದು ಅಹಂಕಾರವಾದೀತೆಂದು ತಿಳಿದು, ಇದ್ದ ಸಿಟ್ಟಿನಲ್ಲಿಯೇ ಬರೆಯಲು ಕುಳಿತಿದ್ದೇನೆ.

ಬಳ್ಳಾರಿಯ ಕಾಲೇಜೊಂದರಲ್ಲಿ ಒಂದು ಭಾನುವಾರ ಸಾಫ್ಟ್‌ವೇರ್ ಬರೆಯುವವರ ಸಮ್ಮೇಳನ ನಡೆಯಿತು. ಅಲ್ಲಿ ಮಾತನಾಡಲು ನನಗೆ ಹದಿನೈದು ನಿಮಿಷ ಕೊಟ್ಟಿದ್ದರು. ನಮ್ಮೂರು ಆದೋನಿಯಿಂದ ಬಳ್ಳಾರಿ ಬಸ್ಸಿನಲ್ಲಿ ಎರಡು ತಾಸಿನ ಹಾದಿ. ನಾನು ಹೋಗಿ ಮುಟ್ಟಲಿಲ್ಲ. ಜೀವಮಾನವೆಲ್ಲ ಸಂಸ್ಕೃತ, ಕನ್ನಡ ಪಾಠ ಹೇಳಿದ ಮುದುಕನಿಗೆ ಆ ಸಭೆಯಲ್ಲಿ ಏನು ಕೆಲಸವೆಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕೆಲಸವಿತ್ತು. ನಮ್ಮ ಮನೆಯ ದೇವರ ಕಟ್ಟೆಯ ಮೇಲೆ ನನ್ನ ಹೆಂಡತಿಯ ಬಿಲ್ವದ ತಟ್ಟೆ ಬರಿದಾಗಿ ಕುಳಿತಿತ್ತು. ಅದು ಮತ್ತೆ ತುಂಬಬೇಕಾದರೆ ಆ ಸಭೆಯವರು ನನ್ನದೊಂದು ಮಾತು ಕೇಳಬೇಕಾಗಿತ್ತು.

ಅವಳು ನಾಗಲದಿನ್ನೆಯವಳು. ಲಂಗ ಉಡುವ ವಯಸ್ಸಿನಿಂದ ತುಂಗಭದ್ರೆಯ ನೀರನ್ನು ಹೊತ್ತು ತಂದು ಶಿವನಿಗೆ ಎರೆದವಳು. ಮದುವೆಯಾಗಿ ನಮ್ಮ ಮನೆಗೆ ಬಂದ ಮರುದಿನದಿಂದ ದಿನಕ್ಕೆ ನೂರೆಂಟು ಹೆಸರು ಹೇಳಿ, ಹೆಸರಿಗೊಂದು ಬಿಲ್ವದ ಎಲೆ ಏರಿಸುವುದು ಅವಳ ನೇಮ. ನಾವು ಜಗಳವಾಡಿದ ದಿನವೂ ಅದು ತಪ್ಪಿದ್ದಿಲ್ಲ. ಹೆಸರುಗಳ ದನಿ ಮಾತ್ರ ಸ್ವಲ್ಪ ಜೋರಾಗಿರುತ್ತಿತ್ತು. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ತೆಗೆದುಕೊಂಡಿತು. ನೇಮ ನಿಲ್ಲಲಿಲ್ಲ, ಬೆರಳಿಗೆ ಲಿಂಗದ ದಾರಿ ಗೊತ್ತಿತ್ತು. ಕಳೆದ ವರ್ಷ ಬಂದ ಜ್ವರವೊಂದು ಹೋಗುವಾಗ ನೆನಪಿನ ಒಂದು ಎಳೆಯನ್ನು ಕಿತ್ತುಕೊಂಡು ಹೋಯಿತು. ಅರವತ್ತನೆಯ ಹೆಸರಿನ ಹತ್ತಿರ ಬಂದಾಗ ಅವಳು ದಾರಿ ತಪ್ಪಿ, ತಿಳಿಯದೆ ಮತ್ತೆ ಇಪ್ಪತ್ತಕ್ಕೆ ಬಂದುಬಿಡುತ್ತಿದ್ದಳು. ಯಾವ ಹೆಸರು ಹೇಳಿದರೂ ಅದು ಶಿವನದೇ ಎಂದು ನಾನು ಸಮಾಧಾನ ಹೇಳಿದೆ.

"ಕೆಲವು ಹೆಸರು ಎರಡೆರಡು ಸಲ ಕರದು, ಉಳದವನ್ನ ಕರೀದೇ ಬಿಟ್ರ, ಬಿಟ್ಟವು ಕಾಯ್ಕೊಂತ ಕುಂದ್ರೂದಿಲ್ಲೇನ್ರಿ?" ಎಂದಳು.

ನಾನೇ ಓದುತ್ತೇನೆಂದು ಕುಳಿತೆ. ಪಾಠ ಹೇಳಿ ಹೇಳಿ ಹರಿದ ಗಂಟಲು ನನ್ನದು. ನಲವತ್ತನೆಯ ಹೆಸರಿಗೆ ಕೆಮ್ಮು ಬರುತ್ತಿತ್ತು. ಕೆಮ್ಮನ್ನಾದರೂ ಅವಳು ಸಹಿಸಿಯಾಳು, ನನ್ನ ದನಿಯನ್ನು ಸಹಿಸಲಿಲ್ಲ. ನಾನು ಓದುವುದನ್ನು ಕೇಳಿದರೆ ಶಿವ ನೆನಪಾಗುವ ಬದಲು, ಈ ಮನುಷ್ಯ ಇವತ್ತು ಯಾರ ಮೇಲೆ ಸಿಟ್ಟಾಗಿದ್ದಾನೆ ಎಂಬ ಯೋಚನೆ ಬರುತ್ತದೆ ಎಂದಳು.

ಆಗ ಕೈಹಾಕಿದವಳು ನನ್ನ ತಂಗಿಯ ಮೊಮ್ಮಗಳು. ಎರಡು ಬೀದಿಯಾಚೆ ಇರುತ್ತಾಳೆ. ಇಲ್ಲಿಯ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ದನಿಯೊಂದನ್ನು ಯಾರೋ ಪುಣ್ಯಾತ್ಮರು ತಯಾರಿಸಿ, ಬೇಕಾದವರು ಬಳಸಿಕೊಳ್ಳಲೆಂದು ಬಿಟ್ಟಿದ್ದರಂತೆ. ಅದಕ್ಕೆ ನೂರೆಂಟು ಹೆಸರುಗಳನ್ನು ಜೋಡಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟಳು. ಮೊದಲ ದಿನ ಆ ದನಿ ಕುದುರೆಯ ಹಾಗೆ ಓಡಿತು. ಇವಳ ಬೆರಳು ಒಂದು ಎಲೆಯನ್ನು ಹಿಡಿದು ಲಿಂಗವನ್ನು ಮುಟ್ಟುವುದರೊಳಗೆ ಅದು ಎಂಟು ಹೆಸರು ಮುಂದೆ ಹೋಗಿರುತ್ತಿತ್ತು. ಹುಡುಗಿ ತಿದ್ದಿದಳು: ಗುಂಡಿ ಒತ್ತಿದರೆ ಒಂದು ಹೆಸರು, ಮತ್ತೆ ಒತ್ತಿದರೆ ಮುಂದಿನದು. ಆದರೆ ನಿಂತು ಹೊರಟಾಗಲೆಲ್ಲ ಆ ದನಿ ಹೆಸರಿನ ಮೊದಲನೆಯ ಅಕ್ಷರವನ್ನು ನುಂಗುತ್ತಿತ್ತು. ದೋಷ ದನಿಯ ಒಳಗಿನದು, ಅದನ್ನು ಮಾಡಿದವರೇ ಸರಿಪಡಿಸಬೇಕು ಎಂದು ಹುಡುಗಿ ಕೈಚೆಲ್ಲಿದಳು. ನನ್ನ ಹೆಂಡತಿ ನಾಲ್ಕು ದಿನ ತಾಳಿದಳು. ಐದನೆಯ ದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ತಲಿ ಇಲ್ಲದ ಹೆಸರಿಗೆ ನಾ ಎಲಿ ಏರಸಂಗಿಲ್ಲ."

ಎಲೆ ತಂದುಕೊಡುತ್ತಿದ್ದ ಪೆದ್ದಹರಿವಾಣ ಹಳ್ಳಿಯವನಿಗೆ ಇನ್ನು ತರುವುದು ಬೇಡವೆಂದು ತಾನೇ ಹೇಳಿ ಕಳಿಸಿದಳು. ಆಮೇಲೆ ಬೆಳಗಿನ ಹೊತ್ತು ದೇವರ ಎದುರು ಸುಮ್ಮನೆ ಕೈಕಟ್ಟಿ ಕುಳಿತಿರುತ್ತಿದ್ದಳು. ಕಣ್ಣು ಹೋದಾಗ ಅಳದವಳು. ಆಗಲೂ ಅಳಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ದನಿ ಮಾಡಿದವರಿಗೆ ನಾನು ಮೂರು ಸಲ ಇಮೇಲ್ ಬರೆದೆ. ಶಿವನ ಹೆಸರಿನ ಶಿರಶ್ಛೇದ ಮಾಡಿದ ಪಾಪ ಎಂಥದೆಂಬುದನ್ನು ವಿಸ್ತಾರವಾಗಿಯೇ ತಿಳಿಸಿದೆ. 'ಇಶ್ಯೂ ಓಪನ್ ಮಾಡಿ', ಅಂದರೆ ದೂರನ್ನು ತಮ್ಮ ಜಾಲತಾಣದಲ್ಲಿ ದಾಖಲಿಸಿ, ಎಂದು ಉತ್ತರ ಬಂತು. ಹುಡುಗಿಯನ್ನು ಕೂಡಿಸಿಕೊಂಡು ಅದನ್ನೂ ಮಾಡಿದೆ. ಈ ತೊಂದರೆ ಎಷ್ಟು ಜನರಿಗೆ ಆಗಿದೆ ಎಂದು ಅದರ ಕೆಳಗೆ ಒಬ್ಬ ಕೇಳಿದ. ಒಬ್ಬಳಿಗೆ ಎಂದು ಬರೆದೆ. ಸುಳ್ಳು ಹೇಳಲು ನಾನು ಕಲಿತಿಲ್ಲ. ಅಲ್ಲಿಗೆ ಮೌನ. ಹೀಗಿರುವಾಗ ಬಳ್ಳಾರಿಯ ಸಮ್ಮೇಳನದ ಸುದ್ದಿ ಬಂತು. ಆ ಜನ ಅಲ್ಲಿಗೆ ಬರುತ್ತಾರೆ, ಎದುರು ನಿಂತು ಕೇಳಿದರೆ ಇಲ್ಲವೆನ್ನುವುದು ಕಷ್ಟ ಎಂದು ಹುಡುಗಿ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದಳು. ಹೇಗೋ ಒಪ್ಪಿಕೊಂಡರು. ನಾನು ನಾಲ್ಕು ಪುಟದ ಭಾಷಣ ಬರೆದೆ.

ದಿನ ನೋಡಿದರೆ ಭಾನುವಾರ. ಭಾನುವಾರ ಪಡುವಣಕ್ಕೆ ವಾರಶೂಲೆ. ಆ ದಿಕ್ಕಿಗೆ ಆ ದಿನ ಮನೆ ಬಿಟ್ಟು ಹೊರಡಬಾರದು. ಹೋಗಲೇಬೇಕಾದವರಿಗೆ ಹಿರಿಯರು ಒಂದು ದಾರಿ ಇಟ್ಟಿದ್ದಾರೆ. ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ, ಜೊತೆಗೆ ಒಯ್ಯುವ ವಸ್ತುವನ್ನು ಹೋಗುವ ಹಾದಿಯಲ್ಲಿರುವ ಬೇರೊಬ್ಬರ ಜಾಗದಲ್ಲಿ ಇಟ್ಟು ಬರುವುದು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಆ ವಸ್ತು ಹೊಸ್ತಿಲು ದಾಟಿದರೆ ಪ್ರಯಾಣಿಕ ಹೊರಟ ಹಾಗೆಯೇ ಲೆಕ್ಕ. ಮರುದಿನ ಅದನ್ನು ಎತ್ತಿಕೊಂಡು ಮುಂದೆ ನಡೆಯಬಹುದು. ಆದರೆ ಅದನ್ನು ಬಿಟ್ಟು ಹೋಗಕೂಡದು. ಯಾಕೆಂದರೆ ಅಲ್ಲಿ ಇಟ್ಟದ್ದು ಗಂಟಲ್ಲ, ಹೊರಟ ಮನುಷ್ಯನೇ ಅದು.

ಹುಡುಗಿ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದಳು. ಬಳ್ಳಾರಿ ನಮ್ಮೂರಿಗೆ ಪಡುವಣಕ್ಕಿಂತ ತೆಂಕಣಕ್ಕೇ ಹೆಚ್ಚು ವಾಲಿದೆ, ಶೂಲೆಯ ಮಾತೇ ಬರುವುದಿಲ್ಲ ಎಂದಳು. ನಮ್ಮಪ್ಪ, ನಮ್ಮಜ್ಜ ಎಲ್ಲರೂ ಬಳ್ಳಾರಿಯನ್ನು ಪಡುವಣ ಸೀಮೆ ಎಂದೇ ಕರೆದವರು, ಫೋನು ನಿನ್ನೆ ಮೊನ್ನೆ ಬಂದದ್ದು ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಶನಿವಾರ ರಾಹುಕಾಲ ಕಳೆದ ಮೇಲೆ, ಹನ್ನೊಂದರ ಸುಮಾರಿಗೆ, ಲ್ಯಾಪ್‌ಟಾಪು, ಭಾಷಣದ ನಾಲ್ಕು ಪುಟ, ವಿಭೂತಿಯ ಕರಡಿಗೆ, ಮಡಿಸಿದ ಶಲ್ಯ ಇಷ್ಟನ್ನೂ ಚೀಲದಲ್ಲಿ ಹಾಕಿಕೊಂಡು ನನ್ನ ಗೆಳೆಯನ ಹತ್ತಿರ ಹೋದೆ. ಅವನು ಹತ್ತಿ ವ್ಯಾಪಾರಿ. ಎರಡನೆಯ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಆಚಾರದಲ್ಲಿ ನನಗಿಂತ ಒಂದು ಕೈ ಮೇಲೆ. ಅವನ ಗೋದಾಮು ಬಳ್ಳಾರಿಯ ಹಾದಿಯಲ್ಲಿದೆ. ಬಸ್ಸು ಅದರ ಮುಂದೆಯೇ ನಿಲ್ಲುತ್ತದೆ. ಚೀಲವನ್ನು ಅವನ ಗಾದಿಯ ಹತ್ತಿರ ಇಟ್ಟೆ. ಅವನು ಒಮ್ಮೆ ನೋಡಿದ. ಅರ್ಥವಾಯಿತು. ಎದ್ದು ಬಂದು ಚೀಲವನ್ನು ಎರಡೂ ಕೈಯಿಂದ ಎತ್ತಿ ಗಾದಿಯ ಮೇಲಿಟ್ಟು, ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡ. ಎಲ್ಲಿಗೆ, ಯಾವಾಗ ಎಂದು ಕೇಳಲಿಲ್ಲ. ಹೊರಟವನನ್ನು ಹಾಗೆ ಕೇಳಬಾರದು. ನಾನೂ ಹೇಳಲಿಲ್ಲ; ಹೊರಟವನು ಹೇಳಬಾರದು. ಚಹಾ ಕುಡಿದೆವು. ಈ ಸಲದ ಹತ್ತಿಯ ತೇವದ ಬಗ್ಗೆ ಮಾತಾಡಿದೆವು. ಇಂಥ ತಿಳಿವಳಿಕೆಯ ಜನ ಇನ್ನೂ ಊರಿನಲ್ಲಿ ಉಳಿದಿದ್ದಾರಲ್ಲ ಎಂದು ಹೆಮ್ಮೆಪಡುತ್ತ ಮನೆಗೆ ಬಂದೆ. ಆ ಹೆಮ್ಮೆ ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹುಡುಗಿಯೊಂದಿಗೆ ಹೋಗಿ ನೋಡಿದರೆ ಗೋದಾಮಿನ ಬಾಗಿಲಿಗೆ ಕೀಲಿ. ಒಂದಲ್ಲ, ಮೂರು. ಫೋನು ಮಾಡಿದರೆ ಅದೂ ಬಂದ್ ಆಗಿತ್ತು. ಅವನ ಮನೆಯ ಪಕ್ಕದವರಿಗೆ ಫೋನು ಮಾಡಿ ಕೇಳಿದಾಗ, ಅವನ ಮಗಳು ನಂದವರದಲ್ಲಿ ಮನೆ ಕಟ್ಟಿಸಿದ್ದಾಳೆ, ಗೃಹಪ್ರವೇಶಕ್ಕೆಂದು ನಸುಕಿನಲ್ಲಿಯೇ ಎಲ್ಲರೂ ಹೋದರು ಎಂದರು. ಅಷ್ಟರಲ್ಲಿ ಬಳ್ಳಾರಿಯ ಬಸ್ಸು ಬಂದು ನಿಂತಿತು.

"ತಾತಾ, ಎಲ್ಲಾ ನನ್ನ ಫೋನ್‌ನಾಗೂ ಐತಿ. ಭಾಷಣ ನಿಮಗ ಬಾಯಿಪಾಠ ಬರ್ತೈತಿ. ಬ್ಯಾಗ್ ಇಲ್ಲೇ ಇರ್ಲಿ, ಹತ್ತ್ರಿ."

"ಹೆಂಗ ಹತ್ತಲಿ? ನಾ ಒಳಗ ಅದೀನಿ."

ಅವಳು ಕೀಲಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾರ ಇಷ್ಟೊತ್ತನ ಇಲ್ಲಿ ನಿಂತು ಬೈಯಾಕ ಹತ್ತಿದೋರು ಯಾರು?"

ಕಂಡಕ್ಟರ್ ಸೀಟಿ ಊದಿದ. ನೀನಾದರೂ ಹೋಗು ಎಂದೆ. ಹೋದಳು, ಕಿಟಕಿಯಿಂದ ತಿರುಗಿ ನೋಡಲಿಲ್ಲ.

ನನ್ನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಪ್ರಸ್ಥಾನ ಇಟ್ಟವನು ಮುಂದಕ್ಕೆ ಹೋಗಲು ಬ್ಯಾಗು ಬೇಕು. ಹೊರಟವನಾದ್ದರಿಂದ ಹಿಂದಕ್ಕೆ ಮನೆಗೆ ಹೋಗುವ ಹಾಗೂ ಇಲ್ಲ. ಗೋದಾಮಿನ ಕಟ್ಟೆಯ ಮೇಲೆ ಕುಳಿತೆ. ಏಳರಿಂದ ಮೂರರವರೆಗೆ ಕುಳಿತೆ. ಕುರಿಹಿಂಡುಗಳು ಹೋದವು, ಟ್ರಾಕ್ಟರುಗಳು ಹೋದವು. ಒಂಬತ್ತರ ಹೊತ್ತಿಗೆ ಪೆದ್ದಹರಿವಾಣದ ಆ ಎಲೆ ತರುವವನು ಮೋಟರ್‌ಸೈಕಲ್ಲಿನ ಮೇಲೆ ಬಂದ. ನನ್ನನ್ನು ಕಂಡು ನಿಲ್ಲಿಸಿ ಕೈಮುಗಿದ.

"ಎಲ್ಲಿಗೆ ಹೊಂಟೀರಿ ಸ್ವಾಮೀ?"

ಯಾವ ಪ್ರಶ್ನೆಯನ್ನು ಊರಿನ ತಿಳಿವಳಿಕೆಸ್ಥನೊಬ್ಬ ನುಂಗಿಕೊಂಡಿದ್ದನೋ, ಯಾವುದನ್ನು ನಾನು ಎರಡು ದಿನ ಜೋಪಾನವಾಗಿ ತಪ್ಪಿಸಿಕೊಂಡಿದ್ದೆನೋ, ಅದನ್ನು ಇವನು ಹಾದಿಯಲ್ಲಿ ನಿಂತು ಸಲೀಸಾಗಿ ಕೇಳಿದ. ಅವನು ಕೇಳುವ ಹೊತ್ತಿಗೆ ಅದರಿಂದ ಕೆಡಬಹುದಾದದ್ದು ಏನೂ ಉಳಿದಿರಲಿಲ್ಲ. ಎಲ್ಲಿಗೂ ಇಲ್ಲ ಎಂದೆ. ಅವನು ಅಮ್ಮನವರಿಗೆ ಎಲೆ ಯಾವಾಗಿನಿಂದ ತರಲಿ ಎಂದು ಕೇಳಿದ. ಗಿಡ ಈಗ ಚಿಗುರಿ ತುಂಬಿದೆ, ಕೀಳುವವರಿಲ್ಲ ಎಂದ. ಆಮೇಲೆ ತಿಳಿಸುತ್ತೇನೆಂದು ಅವನನ್ನು ಕಳಿಸಿದೆ. ಅವನು ಹೋದ ಮೇಲೆ ಬಂದ ಸಿಟ್ಟಿಗೆ ಯಾವ ಹೆಸರೂ ಇರಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ನನ್ನ ಸರದಿ ಇತ್ತು. ಗಡಿಯಾರದಲ್ಲಿ ಆ ಹೊತ್ತು ಬಂದಾಗ ನನಗೆ ಕುಳಿತಿರಲಾಗಲಿಲ್ಲ. ಎದ್ದು ನಿಂತು, ಬಾಗಿಲ ಕಡೆಗೆ ಮುಖ ಮಾಡಿ, ಹದಿನೈದು ನಿಮಿಷದ ಭಾಷಣವನ್ನು ಮೂರು ಕೀಲಿಗಳಿಗೆ ಹೇಳಿ ಮುಗಿಸಿದೆ. ಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗಲ್ಲ. ಎದುರಿನ ಟೀ ಅಂಗಡಿಯವನು ಒಂದು ಲೋಟ ನೀರು ತಂದಿಟ್ಟು ಏನೂ ಕೇಳದೆ ಹೋದ. ಮುಗಿಯುವ ಹೊತ್ತಿಗೆ ಗಂಟಲು ಕೆಟ್ಟು ದನಿ ಪೂರ್ತಿ ಕೂತುಹೋಯಿತು.

ಹೀಗಾಗಿ ಮೂರು ಗಂಟೆಗೆ ಗೆಳೆಯನ ಕಾರು ಬಂದು ನಿಂತಾಗ, ಎಂಟು ತಾಸು ಹೆಣೆದು ಇಟ್ಟುಕೊಂಡಿದ್ದ ಬೈಗುಳವನ್ನು ಪಿಸುದನಿಯಲ್ಲಿ ಹೇಳಬೇಕಾಯಿತು. ಅವನ ಹಣೆಯ ಮೇಲೆ ಹೊಸ ವಿಭೂತಿ, ಕೈಯಲ್ಲಿ ಹೋಳಿಗೆಯ ಗಂಟು. ನನ್ನನ್ನು ಕಂಡು ನಿಜವಾಗಿ ಬೆಚ್ಚಿದ.

"ಇವತ್ತೇ ಏನಪಾ ನಿನ್ನ ಪ್ರಯಾಣ? ಪ್ರಸ್ಥಾನಕ್ಕ ಮೂರು ದಿನ ಅವಕಾಶ ಐತಲ್ಲ, ಮಂಗಳಾರಕ್ಕ ಹೋಗ್ತಿ ಅನ್ಕೊಂಡೆ. ಯಾರರ ಮುಟ್ಟಿಗಿಟ್ಟಾರು ಅಂತ ಕೀಲಿ ಮ್ಯಾಲೆ ಕೀಲಿ ಹಾಕೀನಿ."

"ನಿನ್ನಿ ಕೇಳಾಕ ನಿನ್ನ ಬಾಯಿಗೆ ಏನಾಗಿತ್ತು?"

"ಪ್ರಸ್ಥಾನ ಇಟ್ಟಾವನ್ನ ಕೇಳ್ತಾರೇನು? ನೀ ಹೇಳಬೌದಿತ್ತು."

"ಹೇಳ್ತಾರೇನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನೂ ಆಚಾರ ತಪ್ಪಿಲ್ಲ, ನಾನೂ ತಪ್ಪಿಲ್ಲ. ಇಬ್ಬರಲ್ಲಿ ಒಬ್ಬ ಸ್ವಲ್ಪ ಆಚಾರಗೇಡಿಯಾಗಿದ್ದರೂ ನಾನು ಆ ಹೊತ್ತಿಗೆ ಬಳ್ಳಾರಿಯಲ್ಲಿರುತ್ತಿದ್ದೆ. ಬೈಯಲು ಒಬ್ಬ ಅಪರಾಧಿಯಾದರೂ ಸಿಕ್ಕರೆ ಸಿಟ್ಟು ಹರಿದು ಹೋಗುತ್ತದೆ. ಇಲ್ಲಿ ಅದೂ ಇಲ್ಲ.

ಬಾಗಿಲು ತೆರೆದಾಗ ಚೀಲ ಗಾದಿಯ ಮೇಲೆ ಅವನಿಟ್ಟ ಹಾಗೆಯೇ ಕುಳಿತಿತ್ತು. ಅವನು ಅದಕ್ಕೆ ಕುಂಕುಮ ಹಚ್ಚಿ ಒಂದು ದಾಸವಾಳ ಏರಿಸಿದ್ದ. ಇಟ್ಟ ಪ್ರಸ್ಥಾನ ಹಾಗೆಯೇ ಮನೆಗೆ ಮರಳಬಾರದೆಂದು, ನನ್ನನ್ನೂ ಚೀಲವನ್ನೂ ಕಾರಿನಲ್ಲಿ ಕೂಡಿಸಿಕೊಂಡು ಊರಿನ ಗಡಿ ದಾಟಿಸಿ, ಒಂದು ಬೇವಿನ ಮರದ ಕೆಳಗೆ ಹೋಳಿಗೆ ತಿನ್ನಿಸಿ, ಸಂಜೆಗೆ ಮನೆಯ ಮುಂದೆ ಇಳಿಸಿದ. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ದನಿ ಇದ್ದಿದ್ದರೂ ಆಡುತ್ತಿರಲಿಲ್ಲ.

ಹೆಂಡತಿಗೆ ಹುಡುಗಿ ಫೋನಿನಲ್ಲಿ ಎಲ್ಲ ಹೇಳಿದ್ದಳು. ಹೊಸ್ತಿಲಲ್ಲಿ ನನ್ನ ಹೆಜ್ಜೆಯ ಸಪ್ಪಳ ಕೇಳಿ, ಕೂತಲ್ಲಿಂದಲೇ ವಿಚಾರಿಸಿದಳು.

"ಬ್ಯಾಗು ಬಂತೇನ್ರಿ? ಜೊತಿಗೆ ನೀವೂ ಬಂದ್ರ್ಯಾ?"

ಹುಡುಗಿ ದೀಪ ಹಚ್ಚುವ ಹೊತ್ತಿಗೆ ಬಂದಳು. ನನ್ನ ಹದಿನೈದು ನಿಮಿಷದಲ್ಲಿ ಅವಳಿಗೆ ಏಳು ನಿಮಿಷ ಸಿಕ್ಕಿತ್ತಂತೆ. ತಲೆಯಿಲ್ಲದ ಹೆಸರುಗಳನ್ನು ಕೇಳಿಸಿದಾಗ ಸಭೆ ನಕ್ಕಿತಂತೆ. ನಾನು ಎದ್ದು ನಿಂತೆ. ನಕ್ಕವರು ಯಾರೆಂದು ಕೇಳುವುದಕ್ಕೆ ದನಿ ಬರಲಿಲ್ಲ. ಆಮೇಲೆ ಕಣ್ಣಿಲ್ಲದ ಒಬ್ಬರು ಎಲೆ ಹಿಡಿದು ಕಾಯುವ ವಿಷಯ ಹೇಳಿದಾಗ ನಗು ನಿಂತಿತಂತೆ. ದನಿ ಮಾಡಿದವರಲ್ಲಿ ಒಬ್ಬಾಕೆ ಎದ್ದು ಕೆಲವು ಪ್ರಶ್ನೆ ಕೇಳಿದಳು. ಒಂದು ಎಲೆ ಏರಿಸಲು ಆ ಕೈಗೆ ಎಷ್ಟು ಹೊತ್ತು ಹಿಡಿಯುತ್ತದೆ? ಹೆಸರು ಕೇಳುವ ಮೊದಲು ಎಲೆ ಎತ್ತುತ್ತಾರೋ, ಕೇಳಿದ ಮೇಲೋ? ಕೈ ತಡವಾದರೆ ದನಿ ಸುಮ್ಮನೆ ಕಾಯಬೇಕೋ, ಅದೇ ಹೆಸರನ್ನು ಮತ್ತೆ ಹೇಳಬೇಕೋ?

"ನನಗ ಒಂದೂ ಗೊತ್ತಿದ್ದಿಲ್ಲ ತಾತಾ. ನೀವಿದ್ರ ಹೇಳ್ತಿದ್ರಿ."

ನಾನು ಹೇಳುತ್ತಿದ್ದೆನೇ? ಐವತ್ತು ವರ್ಷ ಅದೇ ಮನೆಯಲ್ಲಿ, ಅವಳ ದನಿಯನ್ನು ಕೇಳುತ್ತ ಪಕ್ಕದ ಕೋಣೆಯಲ್ಲಿ ಪುಸ್ತಕ ಓದಿದವನು ನಾನು. ಆ ಕೈಯನ್ನು ಒಂದು ದಿನ ಕುಳಿತು ನೋಡಿದವನಲ್ಲ. ನನ್ನ ನಾಲ್ಕು ಪುಟದಲ್ಲಿ ನಾದದ ಹುಟ್ಟು ಇತ್ತು, ನಾಮದ ಮಹಿಮೆ ಇತ್ತು, ಉಚ್ಚಾರ ಕೆಡಿಸಿದವರಿಗೆ ಒದಗುವ ಗತಿ ಇತ್ತು. ಅವಳ ಕೈ ಎಲ್ಲಿಯೂ ಇರಲಿಲ್ಲ. ಬಳ್ಳಾರಿ ಮುಟ್ಟಿದ್ದರೆ ಸಭೆಯ ಮುಂದೆ ಹದಿನೈದು ನಿಮಿಷ ಗದರಿ, ಮೊದಲನೆಯ ಪ್ರಶ್ನೆಗೇ ಮೂಕನಾಗಿ ಇಳಿದು ಬರುತ್ತಿದ್ದೆ. ಗೆಳೆಯನ ಮೂರು ಕೀಲಿಗಳು ನನ್ನ ಮಾನ ಉಳಿಸಿದವು ಎಂದುಕೊಳ್ಳಲು ಈಗಲೂ ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಬೆಳಗಿನಿಂದ ಅಪರಾಧಿಯನ್ನು ಹುಡುಕುತ್ತಿದ್ದ ಸಿಟ್ಟಿಗೆ ಆ ಸಂಜೆ ಒಬ್ಬ ಸಿಕ್ಕಿದ.

ಮಾರನೆಯ ದಿನ ಮಾಳಿಗೆಯ ಮೇಲೆ ನಿಂತು, ಹುಡುಗಿಯ ಫೋನಿನ ದಿಕ್ಸೂಚಿಯನ್ನೂ ನಕ್ಷೆಯನ್ನೂ ಇಟ್ಟುಕೊಂಡು ನಾನೇ ನೋಡಿದೆ. ಬಳ್ಳಾರಿ ತೆಂಕಣಕ್ಕೇ ಹೆಚ್ಚು ವಾಲಿದೆ. ಭಾನುವಾರ ತೆಂಕಣಕ್ಕೆ ಯಾವ ದೋಷವೂ ಇಲ್ಲ. ಪ್ರಸ್ಥಾನವೇ ಬೇಕಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆಯುತ್ತಿರುವುದು ಪ್ರಾಯಶ್ಚಿತ್ತವೆಂದು.

ಮುಂದಿನ ಸಮ್ಮೇಳನ ರಾಯಚೂರಿನಲ್ಲಿ, ಅದೂ ಭಾನುವಾರ. ಭಾಷಣ ಬೇಡ, ಆ ಅಮ್ಮನವರನ್ನೇ ಕರೆತನ್ನಿ, ಅವರು ಅರ್ಚನೆ ಮಾಡಲಿ, ನಾವು ಕೈಯನ್ನು ನೋಡಿ ದನಿಯನ್ನು ತಿದ್ದುತ್ತೇವೆ ಎಂದು ಸಭೆಯಲ್ಲಿ ಪ್ರಶ್ನೆ ಕೇಳಿದ ಆಕೆ ಹುಡುಗಿಯ ಹತ್ತಿರ ಹೇಳಿ ಕಳಿಸಿದ್ದಳು. ಪೂಜೆಯನ್ನು ಪ್ರದರ್ಶನಕ್ಕೆ ಇಡುವುದೇ ಎಂದು ನಾನು ಉರಿದೆದ್ದೆ. ಉರಿದದ್ದು ಪಿಸುದನಿಯಲ್ಲಿ ಆದ್ದರಿಂದ ಯಾರಿಗೂ ತಾಗಲಿಲ್ಲ. ಹೆಂಡತಿ ಕೈಚಾಚಿ ಬರಿದಾದ ತಟ್ಟೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಎಲಿ ತರಾಂವಗ ಹೇಳಿ ಕಳಸ್ರಿ. ತಿಂಗಳಾತು, ಕೈ ರೂಢಿ ತಪ್ಪೇತಿ" ಎಂದಳು.

ಈಗ ದಿನಾ ಬೆಳಿಗ್ಗೆ ತಟ್ಟೆ ತುಂಬಿರುತ್ತದೆ. ಯಂತ್ರ ತಲೆಯಿಲ್ಲದ ಹೆಸರು ಹೇಳುತ್ತದೆ. ಅವಳು ಅದಕ್ಕೆ ತಲೆಯಿಟ್ಟು ತಾನು ಹೇಳಿ, ಎಲೆ ಏರಿಸುತ್ತಾಳೆ. ಸರಿಯಾಗಿಲ್ಲವೆಂದು ಅವಳಿಗೆ ಗೊತ್ತು. ರಾಯಚೂರಿನ ತನಕ ಹೀಗೆ ನಡೆಯಲಿ ಎನ್ನುತ್ತಾಳೆ. ನಾನು ಪಕ್ಕದಲ್ಲಿ ಕುಳಿತು ಆ ಕೈಯನ್ನು ನೋಡುತ್ತೇನೆ. ಅವಳು ಹೆಸರು ಕೇಳುವ ಮೊದಲೇ ಎಲೆ ಎತ್ತಿರುತ್ತಾಳೆ. ಹೆಬ್ಬೆರಳಿನಿಂದ ತೊಟ್ಟು ಯಾವ ಕಡೆಗಿದೆ ಎಂದು ತಡವಿ ತಿಳಿಯುತ್ತಾಳೆ, ಎಲೆಯನ್ನು ತಿರುಗಿಸುತ್ತಾಳೆ, ಎಡಗೈಯಿಂದ ಲಿಂಗವನ್ನು ಮುಟ್ಟಿ ನೋಡಿ ಆಮೇಲೆ ಬಲಗೈಯನ್ನು ಒಯ್ಯುತ್ತಾಳೆ. ತಡವಾಗುವುದು ತೊಟ್ಟಿನ ಹತ್ತಿರ. ಇದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಪ್ರತಿಯೊಂದು ಹೆಸರು ಕತ್ತರಿಸಿ ಬಿದ್ದಾಗಲೂ ನನ್ನ ಬಾಯಿಂದ ಏನಾದರೊಂದು ಹೊರಡುತ್ತದೆ. ಸುಮ್ಮನಿರಿ, ಮುಂದಿನದು ಕೇಳಿಸುವುದಿಲ್ಲ ಎಂದು ಅವಳು ಗದರುತ್ತಾಳೆ.

ರಾಯಚೂರು ನಮಗೆ ಬಡಗಣಕ್ಕೆ. ಈ ಸಲ ಅಳೆದು ನೋಡಿದ್ದೇನೆ. ಭಾನುವಾರ ಬಡಗಣಕ್ಕೆ ಶೂಲೆ ಇಲ್ಲ. ಗೆಳೆಯ ಮಾತ್ರ ಆಚಾರ ಬಿಟ್ಟು, ವಾರಕ್ಕೊಮ್ಮೆ ಫೋನು ಮಾಡಿ, ಯಾವ ದಿನ, ಯಾವ ರೈಲು, ಎಷ್ಟು ಗಂಟೆಗೆ ಎಂದು ಕೇಳುತ್ತಾನೆ. ನಾನೂ ಆಚಾರ ಬಿಟ್ಟು ಹೇಳುತ್ತೇನೆ, ಸಿಟ್ಟಿನಿಂದಲೇ. ಆದರೂ ಹಿಂದಿನ ದಿನ ಒಂದು ಪ್ರಸ್ಥಾನ ಇಟ್ಟರೆ ಒಳ್ಳೆಯದಲ್ಲವೇ ಎಂದು ಮೊನ್ನೆ ಬಾಯಿತಪ್ಪಿ ಮನೆಯಲ್ಲಿ ಅಂದೆ. ಹೆಂಡತಿ ಕೈಯಲ್ಲಿದ್ದ ಎಲೆಯ ತೊಟ್ಟನ್ನು ಹುಡುಕುವುದನ್ನು ನಿಲ್ಲಿಸಲಿಲ್ಲ.

"ಇಡ್ರಿ, ಬ್ಯಾಡನ್ನಂಗಿಲ್ಲ. ನೀವು ಯಾವ ಗೋದಾಮಿನಾಗ ಇದ್ರೂ ಇರ್ರಿ. ನಾ ಮಾತ್ರ ರೈಲು ಹತ್ತಾಕಿ."